ಗಜಲಹಟ್ಟಿಯ ಕಣಿವೆಯೂ ಜನರಲ್ ಮೆಡೋಸನೂ

ಗುಂಡ್ಲುಪೇಟೆ ಹಾಗೂ ಚಾಮರಾಜನಗರದ ಸೀಮೆಯು ಮೈಸೂರು ಪ್ರಸ್ಥಭೂಮಿಯ ದಕ್ಷಿಣದ ಅಂಚು. ಇಲ್ಲಿಂದ ಮುಂದೆ ನೆಲವು ದಟ್ಟವಾದ ಅರಣ್ಯದ ನಡುವೆ ಇಳಿದು ಮೋಯಾರ್ ಮತ್ತು ಭವಾನಿ ನದಿಗಳ ಬಯಲನ್ನು ಸೇರುತ್ತದೆ. ಈ ಇಳಿಜಾರಿನಲ್ಲಿದ್ದ ಗಜಲಹಟ್ಟಿಯ ಕಣಿವೆಯು ಹಿಂದೆ ಮೈಸೂರಿಗೂ ಕೊಯಮತ್ತೂರಿಗೂ ನಡುವಣ ಹೆದ್ದಾರಿಯಾಗಿತ್ತು. ಇದರ ಬುಡದಲ್ಲಿದ್ದ ದಣ್ಣಾಯಕನ ಕೋಟೆಯು ಇಂದು ಭವಾನಿಸಾಗರದ ನೀರಿನಲ್ಲಿ ಮುಳುಗಿದೆ. ಬ್ರಿಟಿಷ್ ಸೇನಾನಿ ವಿಲಿಯಂ ಮೆಡೋಸನ ಕೀರ್ತಿಯು ಕುಂದತೊಡಗಿದುದು ಈ ಮಾರ್ಗದಲ್ಲಿಯೇ ಎಂಬುದು ನಮ್ಮ ವಿದ್ಯಾರ್ಥಿಗಳು ತಿಳಿದಿರಬೇಕಾದ ಸಂಗತಿ.

1738ರಲ್ಲಿ ಜನಿಸಿದ ಮೆಡೋಸನು ಸಾಮಾನ್ಯ ಯೋಧನಲ್ಲ. ಅಮೆರಿಕದ ಸ್ವಾತಂತ್ರ್ಯ ಸಮರದಲ್ಲಿ ಬ್ರಿಟನ್ನಿನ ಪರವಾಗಿ ಹೋರಾಡಿದ್ದನು. 1778ರ ಡಿಸೆಂಬರಿನಲ್ಲಿ ಸೇಂಟ್ ಲೂಸಿಯ ದ್ವೀಪದಲ್ಲಿ, ಸಂಖ್ಯೆಯಲ್ಲಿ ತನ್ನದಕ್ಕಿಂತ ಬಹು ಹೆಚ್ಚಿನದಾದ ಫ್ರೆಂಚ್ ಸೇನೆಯನ್ನು ಹಿಮ್ಮೆಟ್ಟಿಸಿ ಪ್ರಸಿದ್ಧನಾದನು. ಮುಂದೆ ಮುಂಬಯಿಯ ಗವರ್ನರನಾಗಿ, 1790ರಲ್ಲಿ ಮದರಾಸಿನ ಗವರ್ನರನೂ ಸೇನಾಪತಿಯೂ ಆದನು. ಟಿಪ್ಪು ಸುಲ್ತಾನನು 1789ರ ಡಿಸೆಂಬರಿನಲ್ಲಿ ತಿರುವಾಂಕೂರಿನ ರಕ್ಷಣಾ ಸಾಲುಗಳ ಮೇಲೆ ದಾಳಿ ಮಾಡಿದುದರಿಂದ ಮೂರನೆಯ ಮೈಸೂರು ಯುದ್ಧವು ಆರಂಭವಾಗಿತ್ತು.

ಮೆಡೋಸನ ಯೋಜನೆ ಸರಳವಾಗಿಯೇ ಇತ್ತು. ಸುಮಾರು 15,000 ಸೈನಿಕರೊಡನೆ ತಿರುಚಿನಾಪಳ್ಳಿಯಿಂದ ಹೊರಟು, ಫಲವತ್ತಾದ ಕೊಯಮತ್ತೂರು ಸೀಮೆಯನ್ನು ಹಿಡಿದು, ಅಲ್ಲಿ ಧಾನ್ಯವನ್ನು ಸಂಗ್ರಹಿಸಿ, ಗಜಲಹಟ್ಟಿಯ ಮೂಲಕ ಘಟ್ಟವನ್ನೇರಿ ಮೈಸೂರನ್ನು ಪ್ರವೇಶಿಸುವುದು. ಆ ಕಾಲದಲ್ಲಿ ಫಿರಂಗಿಗಳನ್ನೂ ಆಹಾರವನ್ನೂ ಸಾಗಿಸುತ್ತಿದ್ದವು ಎತ್ತುಗಳೇ. ಎತ್ತುಗಳಿಗೆ ಮೇವಿಲ್ಲವಾದರೆ ಫಿರಂಗಿ ಕದಲದು. ಧಾನ್ಯವಿಲ್ಲವಾದರೆ ಸೈನಿಕನು ನಡೆಯನು. ಆದುದರಿಂದ ಬೆಟ್ಟವನ್ನೇರುವ ಮುನ್ನ ಕೋಟೆಗಳ ಸಾಲೊಂದನ್ನು ಉಗ್ರಾಣಗಳನ್ನಾಗಿ ಮಾಡಿಕೊಳ್ಳುವುದು ಅವಶ್ಯವಾಯಿತು. ಕರೂರು, ಕೊಯಮತ್ತೂರು, ದಿಂಡಿಗಲ್, ಪಾಲಘಾಟ್, ಸತ್ಯಮಂಗಲಗಳು ಒಂದೊಂದಾಗಿ ಕೈವಶವಾದವು. ಆದರೆ ಕೋಟೆಗಳು ಹೆಚ್ಚಿದಂತೆಲ್ಲ ಸೇನೆಯು ಹರಿದು ಹಂಚಿಹೋಯಿತು. ಮೆಡೋಸನು ಕೊಯಮತ್ತೂರಿನಲ್ಲಿ, ಸ್ಟುವರ್ಟನು ಪಾಲಘಾಟಿನಲ್ಲಿ, ಕರ್ನಲ್ ಫ್ಲಾಯ್ಡನು ಕಣಿವೆಯ ಸಮೀಪದ ಸತ್ಯಮಂಗಲದಲ್ಲಿ ಉಳಿದರು.

ಟಿಪ್ಪು ಈ ದೌರ್ಬಲ್ಯವನ್ನು ಅರಿತನು. 1790ರ ಸೆಪ್ಟೆಂಬರಿನಲ್ಲಿ, ಶತ್ರುವು ಏರಬೇಕೆಂದಿದ್ದ ಅದೇ ಕಣಿವೆಯಿಂದ ಸುಮಾರು 40,000 ಸೈನಿಕರೊಡನೆ ತಾನೇ ಇಳಿದು, 13ರಂದು ಫ್ಲಾಯ್ಡನ ಮೇಲೆರಗಿದನು. ಫ್ಲಾಯ್ಡನು ಫಿರಂಗಿಗಳನ್ನು ಬಿಟ್ಟು ಹಿಮ್ಮೆಟ್ಟಬೇಕಾಯಿತು. ಅನಂತರದ ತಿಂಗಳುಗಳಲ್ಲಿ ಟಿಪ್ಪುವಿನ ಕ್ಷಿಪ್ರಗತಿಯ ದಳಗಳು ಒಂದೆಡೆ ಮಿಂಚಿ ಮತ್ತೊಂದೆಡೆ ಮಾಯವಾಗುತ್ತಿದ್ದುವು. ಮೆಡೋಸನು ಅವನ್ನು ಬೆನ್ನಟ್ಟಿ ದಣಿದನು. ಮೈಸೂರಿನ ನೆಲದ ಮೇಲೆ ಕಾಲಿಡುವ ಆತನ ಸಂಕಲ್ಪವು ಘಟ್ಟದ ಬುಡದಲ್ಲಿಯೇ ಭಗ್ನವಾಯಿತು.

ಡಿಸೆಂಬರಿನಲ್ಲಿ ಗವರ್ನರ್ ಜನರಲ್ ಕಾರ್ನ್‌ವಾಲಿಸನು ಮದರಾಸಿಗೆ ಬಂದು, ಮರುವರ್ಷದ ಆರಂಭದಲ್ಲಿ ತಾನೇ ಸೈನ್ಯದ ನಾಯಕತ್ವವನ್ನು ವಹಿಸಿದನು. ದಕ್ಷಿಣದ ದಾರಿಯನ್ನು ಬಿಟ್ಟು ಪೂರ್ವದ ಮುಗಳಿ ಕಣಿವೆಯಿಂದ ಏರಿ, 1791ರ ಮಾರ್ಚ್ 21ರಂದು ಬೆಂಗಳೂರಿನ ಕೋಟೆಯನ್ನು ಹಿಡಿದನು. ಸೇನಾಪತಿಯಾಗಿದ್ದ ಮೆಡೋಸನು ಈಗ ಎರಡನೆಯ ಸ್ಥಾನದಲ್ಲಿ ದುಡಿದನು. ಅಸೂಯೆಪಡಲಿಲ್ಲ, ಅದೇ ಅಕ್ಟೋಬರಿನಲ್ಲಿ ನಂದಿದುರ್ಗದ ಕಡಿದಾದ ಬೆಟ್ಟವನ್ನು ಲಗ್ಗೆಯಿಂದ ಗೆದ್ದ ಪಡೆಗೆ ನಾಯಕನಾದನು.

1792ರ ಫೆಬ್ರುವರಿ 6ರ ರಾತ್ರಿ ಶ್ರೀರಂಗಪಟ್ಟಣದ ಎದುರು ಮೂರು ದಂಡುಗಳು ಒಂದೇ ವೇಳೆಗೆ ಮುನ್ನುಗ್ಗಿದುವು. ಬಲಗಡೆಯ ದಂಡು ಮೆಡೋಸನದು. ಅದು ಕತ್ತಲಿನಲ್ಲಿ, ಬಿಟ್ಟು ಹೋಗಬೇಕಾಗಿದ್ದ ಈದ್ಗಾ ಕಾವಲುಕೋಟೆಯ ಮೇಲೆ ಬಿದ್ದು ಬಹಳ ಹಾನಿಯನ್ನನುಭವಿಸಿತು. ಬಳಿಕ ಕಾರ್ನ್‌ವಾಲಿಸನನ್ನು ಅರಸುತ್ತ ದಾರಿ ತಪ್ಪಿ ಕರಿಘಟ್ಟದತ್ತ ಹೋಯಿತು. ಆ ವೇಳೆಗೆ ಕಾರ್ನ್‌ವಾಲಿಸನು ಅಲ್ಪ ಬಲದೊಡನೆ ಘೋರ ಸಂಕಟದಲ್ಲಿದ್ದನು. ಒಟ್ಟಿನಲ್ಲಿ ಲಗ್ಗೆಯು ಸಫಲವಾದರೂ ಮೆಡೋಸನ ಅಂತರಂಗಕ್ಕೆ ಶಾಂತಿಯಿಲ್ಲವಾಯಿತು. ಟಿಪ್ಪುವಿನ ಇಬ್ಬರು ಬಾಲಕರು ಒತ್ತೆಯಾಳುಗಳಾಗಿ ಬ್ರಿಟಿಷ್ ಪಾಳೆಯಕ್ಕೆ ಬಂದ ಫೆಬ್ರುವರಿ 26ರಂದೇ ಆತನು ಪಿಸ್ತೂಲಿನಿಂದ ತನ್ನನ್ನು ತಾನೇ ಸುಟ್ಟುಕೊಂಡನು. ಅಪಮಾನವು ಮರಣಕ್ಕಿಂತ ಕ್ರೂರವೆಂಬ ಮಾತು ಆತನ ಪಾಲಿಗೆ ನಿಜವಾಯಿತು. ಆದರೆ ವಿಧಿಯು ಆತನನ್ನು ಉಳಿಸಿತು. ಚೇತರಿಸಿಕೊಂಡ ಮೆಡೋಸನು, ಕಾರ್ನ್‌ವಾಲಿಸನಂತೆಯೇ, ಗೆಲುವಿನ ಹಣದಲ್ಲಿ ತನಗೆ ಸಲ್ಲಬೇಕಾದ ಪಾಲನ್ನು ಸೈನಿಕರಿಗೆ ಬಿಟ್ಟುಕೊಟ್ಟನು. ಇನ್ನೂ ಇಪ್ಪತ್ತೊಂದು ವರ್ಷ ಬಾಳಿ, 1813ರ ನವೆಂಬರಿನಲ್ಲಿ ಇಂಗ್ಲೆಂಡಿನ ಬಾತ್ ನಗರದಲ್ಲಿ ಕಾಲವಾದನು.

1792ರ ಮಾರ್ಚ್ ತಿಂಗಳ ಒಪ್ಪಂದದಂತೆ ಟಿಪ್ಪುವು ತನ್ನ ರಾಜ್ಯದ ಅರ್ಧಭಾಗವನ್ನೂ 3 ಕೋಟಿ 30 ಲಕ್ಷ ರೂಪಾಯಿಗಳನ್ನೂ ಒಪ್ಪಿಸಬೇಕಾಯಿತು. ಆದರೂ ಕೊಯಮತ್ತೂರು ಸೀಮೆಯೂ, ಮೆಡೋಸನು ಏರಬಯಸಿದ್ದ ಕಣಿವೆಯೂ 1799ರವರೆಗೆ ಮೈಸೂರಿನ ವಶದಲ್ಲಿಯೇ ಉಳಿದುವು.

ಮೆಡೋಸನು ನಮ್ಮ ನಾಡನ್ನು ಗೆಲ್ಲಲು ಬಂದವನು, ಅದನ್ನು ಮರೆಯಬೇಕಾಗಿಲ್ಲ. ಆದರೆ ಆತನಿಗೆ ಧೈರ್ಯವಿರಲಿಲ್ಲವೆಂದು ಹೇಳಿದರೆ ಇತಿಹಾಸಕ್ಕೆ ಅಪಚಾರ ಮಾಡಿದಂತೆ. ಕೊರತೆಯಾದುದು ಶೌರ್ಯವಲ್ಲ, ನೆಲದ ಅರಿವು. ಘಟ್ಟ, ಕಾಡು, ಮೇವು, ದೂರ ಇವುಗಳ ಲೆಕ್ಕವನ್ನು ಟಿಪ್ಪುವು ಬಲ್ಲವನಾಗಿದ್ದನು. ಹೊರಗಿನಿಂದ ಬಂದವನು ಅದನ್ನು ಸೋತು ಕಲಿಯಬೇಕಾಯಿತು. ತಮ್ಮ ಊರಿನ ಬೆಟ್ಟ ಕಣಿವೆಗಳ ಹೆಸರು, ದಾರಿ, ಚರಿತ್ರೆಗಳನ್ನು ಅರಿಯುವುದು ಬರಿಯ ಪಾಠವಲ್ಲವೆಂಬುದನ್ನು ಈ ಸೀಮೆಯ ಮಕ್ಕಳು ಇದರಿಂದ ಮನಗಾಣಬೇಕು.