ಹಳೆಯ ಲ್ಯಾಪ್‌ಟಾಪ್‌ಗೆ ವೈಫೈ ಸಿಗುತ್ತಿಲ್ಲವೇ? ಮೂಲೆಗೆಸೆಯುವ ಮುನ್ನ ಪರೀಕ್ಷಿಸಿ

ಮನೆಗೆ ಹೊಸ ಅಂತರಜಾಲ ಸಂಪರ್ಕ ಬಂದಿದೆ. ಮೊಬೈಲ್, ಟೀವಿಗಳೆಲ್ಲ ಕ್ಷಣಾರ್ಧದಲ್ಲಿ ವೈಫೈಗೆ ಸೇರಿಕೊಂಡಿವೆ. ಹತ್ತು ಹನ್ನೆರಡು ವರ್ಷ ಹಳೆಯ ಲ್ಯಾಪ್‌ಟಾಪ್ ಮಾತ್ರ ಏನು ಮಾಡಿದರೂ ಸೇರುತ್ತಿಲ್ಲ. ಇಂತಹ ಸಮಯದಲ್ಲಿ ‘ಇದರ ಕಾಲ ಮುಗಿಯಿತು’ ಎಂದು ಹೊಸತನ್ನು ಕೊಳ್ಳಲು ಹೊರಡುವವರೇ ಹೆಚ್ಚು. ಆದರೆ ಅನೇಕ ಸಂದರ್ಭಗಳಲ್ಲಿ ಲ್ಯಾಪ್‌ಟಾಪ್ ಸುಸ್ಥಿತಿಯಲ್ಲಿಯೇ ಇರುತ್ತದೆ; ಹೊಸ ರೌಟರ್‌ನ ಆಯ್ಕೆಗಳು ಅದಕ್ಕೆ ಹೊಂದಿಕೆಯಾಗಿರುವುದಿಲ್ಲ. ಕ್ರಮವಾಗಿ ಪರೀಕ್ಷಿಸಿದರೆ ಸಾವಿರಾರು ರೂಪಾಯಿ ಉಳಿಸಬಹುದು.

ದೋಷ ಎಲ್ಲಿದೆ?

ಮೊದಲು ಮೊಬೈಲ್‌ನ ಡೇಟಾ ಸೌಲಭ್ಯವನ್ನು ಆರಿಸಿ, ವೈಫೈ ಮೂಲಕ ಯಾವುದಾದರೂ ತಾಣ ತೆರೆಯಿರಿ. ತೆರೆಯದಿದ್ದರೆ ದೋಷ ರೌಟರ್‌ನಲ್ಲಿದೆ ಅಥವಾ ಹೊರಗಿನ ಸಂಪರ್ಕದಲ್ಲಿದೆ. ತೆರೆದರೆ, ರೌಟರ್‌ನಿಂದ ಲ್ಯಾಪ್‌ಟಾಪ್‌ಗೆ ಕೇಬಲ್ ಜೋಡಿಸಿ ನೋಡಿ. ಕೇಬಲ್ ಮೂಲಕ ಅಂತರಜಾಲ ದೊರೆತರೆ ತೊಂದರೆ ನಿಸ್ತಂತು ಭಾಗಕ್ಕಷ್ಟೇ ಸೀಮಿತ ಎಂದು ತಿಳಿಯಬಹುದು.

ಹಳೆಯ ಅನೇಕ ಲ್ಯಾಪ್‌ಟಾಪ್‌ಗಳ ಅಂಚಿನಲ್ಲಿ ವೈಫೈಗೆಂದೇ ಪುಟ್ಟ ಸ್ವಿಚ್ ಇದೆ. ಚೀಲದಿಂದ ತೆಗೆಯುವಾಗ ಅದು ಆರಿಹೋಗುವುದುಂಟು. ಕೆಲವು ಮಾದರಿಗಳಲ್ಲಿ ಎಫ್ಎನ್ ಕೀಲಿಯೊಡನೆ ಮೇಲಿನ ಸಾಲಿನ ಒಂದು ಕೀಲಿ ಒತ್ತಬೇಕು. ಸ್ವಿಚ್ ಸರಿಯಿದ್ದರೂ ಡಿವೈಸ್ ಮ್ಯಾನೇಜರ್‌ನಲ್ಲಿ ವೈಫೈ ಕಾರ್ಡ್‌ನ ಹೆಸರು ಕಾಣದಿದ್ದರೆ, ಲ್ಯಾಪ್‌ಟಾಪ್ ತಯಾರಕರ ತಾಣದಿಂದ ಡ್ರೈವರ್ ತಂತ್ರಾಂಶವನ್ನು ಇಳಿಸಿಕೊಂಡು ಮತ್ತೆ ಸ್ಥಾಪಿಸಬೇಕು.

ಜಾಲದ ಹೆಸರೇ ಕಾಣದಿದ್ದರೆ

ಇಂದಿನ ರೌಟರ್‌ಗಳು ಸಾಮಾನ್ಯವಾಗಿ 2.4 ಹಾಗೂ 5 ಗಿಗಾಹರ್ಟ್ಸ್ ಎಂಬ ಎರಡು ತರಂಗಾಂತರಗಳಲ್ಲಿ ಕೆಲಸ ಮಾಡುತ್ತವೆ. ಹಳೆಯ ಕಾರ್ಡ್‌ಗಳಲ್ಲಿ ಬಹಳಷ್ಟು 2.4 ಗಿಗಾಹರ್ಟ್ಸ್ ಒಂದನ್ನೇ ಬಲ್ಲವು. ಆದುದರಿಂದ ರೌಟರ್‌ನಲ್ಲಿ ಅದು ಚಾಲನೆಯಲ್ಲಿರಬೇಕು. ಎರಡಕ್ಕೂ ಬೇರೆ ಬೇರೆ ಹೆಸರಿಟ್ಟರೆ ಗೊಂದಲ ತಪ್ಪುತ್ತದೆ.

ಅಮೆರಿಕದಿಂದ ಬಂಧುಗಳು ತಂದುಕೊಟ್ಟ ಲ್ಯಾಪ್‌ಟಾಪ್ ನಿಮ್ಮದಾಗಿದ್ದರೆ ಇನ್ನೊಂದು ಕಾರಣವೂ ಇರಬಹುದು. ಆ ಮಾರುಕಟ್ಟೆಗೆ ತಯಾರಾದ ಕಾರ್ಡ್‌ಗಳು ಸಾಮಾನ್ಯವಾಗಿ 1ರಿಂದ 11ರವರೆಗಿನ ಚಾನೆಲ್‌ಗಳನ್ನಷ್ಟೇ ಗುರುತಿಸುತ್ತವೆ. ರೌಟರ್ 12 ಅಥವಾ 13ನೇ ಚಾನೆಲ್‌ನಲ್ಲಿದ್ದರೆ ಅವಕ್ಕೆ ಜಾಲ ಕಾಣುವುದೇ ಇಲ್ಲ. 1, 6 ಅಥವಾ 11ನೇ ಚಾನೆಲ್ ಆಯ್ದುಕೊಳ್ಳಿ. ವೈಫೈ 6 ರೌಟರ್ ಆಗಿದ್ದಲ್ಲಿ, 2.4 ಗಿಗಾಹರ್ಟ್ಸ್‌ಗೆ ‘ಎಎಕ್ಸ್’ ಕ್ರಮವನ್ನು ನಿಲ್ಲಿಸಿ ನೋಡಬಹುದು. ಕೆಲವು ಹಳೆಯ ಡ್ರೈವರ್‌ಗಳಿಗೆ ಈ ಕ್ರಮದ ಜಾಲ ಗೋಚರಿಸುವುದಿಲ್ಲ.

ಹೆಸರು ಕಂಡರೂ ಪ್ರವೇಶವಿಲ್ಲದಿದ್ದರೆ

ಸರಿಯಾದ ಗುಪ್ತಪದ ಕೊಟ್ಟರೂ ಲ್ಯಾಪ್‌ಟಾಪ್ ಜಾಲಕ್ಕೆ ಸೇರದಿದ್ದರೆ ಸುರಕ್ಷತಾ ವಿಧಾನವನ್ನು ಗಮನಿಸಿ. 2018ರಲ್ಲಿ ಬಂದ ಡಬ್ಲ್ಯುಪಿಎ3 ಹಳೆಯ ಯಂತ್ರಗಳಿಗೆ ತಿಳಿಯದು. ರೌಟರ್‌ನಲ್ಲಿ ಡಬ್ಲ್ಯುಪಿಎ2 ಮತ್ತು ಡಬ್ಲ್ಯುಪಿಎ3 ಎರಡೂ ಇರುವ ಮಿಶ್ರ ಆಯ್ಕೆಯನ್ನು ಬಳಸಿ. ಹಳೆಯ ಯಂತ್ರಕ್ಕಾಗಿ ಡಬ್ಲ್ಯುಇಪಿ ವಿಧಾನಕ್ಕೆ ಇಳಿಯುವುದು, ಗುಪ್ತಪದವನ್ನೇ ತೆಗೆದುಹಾಕುವುದು ಸರ್ವಥಾ ಕೂಡದು. ಡಬ್ಲ್ಯುಇಪಿಯ ದೌರ್ಬಲ್ಯ 2001ರಲ್ಲೇ ಬಯಲಾಗಿದೆ. ಇಂದು ಅದನ್ನು ಕೆಲವೇ ನಿಮಿಷಗಳಲ್ಲಿ ಭೇದಿಸಬಹುದು. ಒಂದು ಲ್ಯಾಪ್‌ಟಾಪ್‌ಗಾಗಿ ಮನೆಯವರೆಲ್ಲರ ಸುರಕ್ಷತೆಯನ್ನು ಪಣಕ್ಕಿಡಬಾರದು.

ಸಂಪರ್ಕವಿದ್ದೂ ಪುಟ ತೆರೆಯದಿದ್ದರೆ

ಮೊದಲು ಲ್ಯಾಪ್‌ಟಾಪ್‌ನ ದಿನಾಂಕ ನೋಡಿ. ಮದರ್‌ಬೋರ್ಡ್‌ನಲ್ಲಿರುವ ನಾಣ್ಯದಾಕಾರದ ಬ್ಯಾಟರಿ ಬತ್ತಿದರೆ ಗಡಿಯಾರ ವರ್ಷಾನುಗಟ್ಟಲೆ ಹಿಂದಕ್ಕೆ ಹೋಗುತ್ತದೆ. ಆಗ ತಾಣಗಳ ಭದ್ರತಾ ಪ್ರಮಾಣಪತ್ರಗಳು ಅಸಿಂಧುವೆಂದು ಬ್ರೌಸರ್ ತಡೆಯುತ್ತದೆ. ದಿನಾಂಕ ಸರಿಪಡಿಸಿ, ಬ್ಯಾಟರಿ ಬದಲಿಸಿದರೆ ಸಾಕು. ಲ್ಯಾಪ್‌ಟಾಪ್‌ನ ಐಪಿ ವಿಳಾಸ 169.254 ಎಂದು ಆರಂಭವಾಗಿದ್ದರೆ ರೌಟರ್ ಅದಕ್ಕೆ ವಿಳಾಸ ನೀಡಿಲ್ಲವೆಂದರ್ಥ. ಎರಡನ್ನೂ ಆರಿಸಿ, ಮೊದಲು ರೌಟರನ್ನೂ ಬಳಿಕ ಲ್ಯಾಪ್‌ಟಾಪನ್ನೂ ಚಾಲೂ ಮಾಡಿ.

ಸಂಪರ್ಕ ಆಗಾಗ ಕಡಿಯುತ್ತಿದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ ವೈಫೈ ಕಾರ್ಡ್‌ನ ವಿದ್ಯುತ್ ಉಳಿತಾಯದ ಆಯ್ಕೆಯನ್ನು ರದ್ದುಪಡಿಸಿ. ಅಡುಗೆಮನೆಯ ಮೈಕ್ರೋವೇವ್ ಒಲೆಯೂ 2.4 ಗಿಗಾಹರ್ಟ್ಸ್ ಆಸುಪಾಸಿನಲ್ಲೇ ಕೆಲಸ ಮಾಡುವುದರಿಂದ ರೌಟರ್ ಅದರಿಂದ ದೂರವಿರಲಿ.

ಕೊನೆಯ ಉಪಾಯ

ಇಷ್ಟಾದರೂ ಫಲ ದೊರೆಯದಿದ್ದರೆ ಯುಎಸ್‌ಬಿ ಕಿಂಡಿಗೆ ಸಿಕ್ಕಿಸುವ ವೈಫೈ ಅಡಾಪ್ಟರ್ ಕೊಳ್ಳಬಹುದು. ಹೊಸ ಲ್ಯಾಪ್‌ಟಾಪ್‌ಗೆ ಹೋಲಿಸಿದರೆ ಅದರ ಬೆಲೆ ಅತ್ಯಲ್ಪ. ಆದರೆ ನಿಮ್ಮ ಕಾರ್ಯಾಚರಣ ವ್ಯವಸ್ಥೆಗೆ ಅದರ ಡ್ರೈವರ್ ಲಭ್ಯವಿದೆಯೇ ಎಂದು ಮೊದಲೇ ವಿಚಾರಿಸಿ.

ಸಂಪರ್ಕ ದೊರೆತ ಮಾತ್ರಕ್ಕೆ ಯಂತ್ರ ಸುರಕ್ಷಿತವೆಂದು ಭಾವಿಸುವಂತಿಲ್ಲ. ಮೈಕ್ರೋಸಾಫ್ಟ್ ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್‌ನಲ್ಲಿ, ವಿಂಡೋಸ್ 7ಕ್ಕೆ 2020ರ ಜನವರಿಯಲ್ಲಿ ಬೆಂಬಲ ನಿಲ್ಲಿಸಿದೆ. ಇವುಗಳಲ್ಲಿ ಬ್ಯಾಂಕ್ ವ್ಯವಹಾರ ಮಾಡುವುದು ಅಪಾಯಕರ. ಹಗುರವಾದ ಲಿನಕ್ಸ್ ಆವೃತ್ತಿಯೊಂದನ್ನು ಹಾಕಿಕೊಂಡರೆ ಮಕ್ಕಳ ಓದು, ಬರವಣಿಗೆ, ಮಿಂಚಂಚೆಗಳಿಗೆ ಅದೇ ಲ್ಯಾಪ್‌ಟಾಪ್ ಇನ್ನೂ ಕೆಲವು ವರ್ಷ ನೆರವಾದೀತು.