ಬಿಸಿಲ ನಾಡಿನಲ್ಲಿ ಹೆಪ್ಪುಗಟ್ಟುವ ದ್ರವಗಳು

ಯಾದಗಿರಿ, ಶಹಾಪುರ, ಸುರಪುರಗಳ ಕಡೆ ಕೊಳವೆಯೊಳಗೆ ನೀರು ಹೆಪ್ಪುಗಟ್ಟಿದ್ದನ್ನು ಕಂಡವರಿಲ್ಲ. ಆದರೆ ಪುಷ್ಯಮಾಸದ ಬೆಳಗಿನಲ್ಲಿ ಕೊಬ್ಬರಿ ಎಣ್ಣೆಯ ಸೀಸೆಯನ್ನು ಬೋರಲು ಹಿಡಿದರೂ ಒಂದು ಹನಿ ಇಳಿಯದಿರುವುದನ್ನು ಅಲ್ಲಿಯ ಮನೆಮನೆಯೂ ಬಲ್ಲದು. ನೀರು ಗಟ್ಟಿಯಾಗಲು ಸೊನ್ನೆ ಡಿಗ್ರಿಯ ಚಳಿ ಬೇಕು. ಕೊಬ್ಬರಿ ಎಣ್ಣೆಗೆ 24 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸೇ ಸಾಕು.

ಯಾದಗಿರಿ ಜಿಲ್ಲೆಯ ಕಡೇಚೂರಿನಲ್ಲಿ ಈಗ ರಾಸಾಯನಿಕ ಕಾರ್ಖಾನೆಗಳು ಎದ್ದಿವೆ. ಇಂತಹ ಉದ್ಯಮಗಳಿಗೆ ಸೀಸೆಯ ಈ ಪಾಠವು ಸಣ್ಣದಲ್ಲ. ಅಪ್ಪಟ ಅಸೆಟಿಕ್ ಆಮ್ಲವು 16.6 ಡಿಗ್ರಿಯಲ್ಲಿಯೇ ಗಟ್ಟಿಯಾಗುತ್ತದೆ. ನೂರಕ್ಕೆ 50ರ ಕಾಸ್ಟಿಕ್ ಸೋಡಾ ದ್ರಾವಣವು ಸುಮಾರು 12 ಡಿಗ್ರಿಯಲ್ಲಿ. ಫೀನಾಲಂತೂ 41 ಡಿಗ್ರಿಯ ಸಮೀಪದಲ್ಲಿ, ಎಂದರೆ ನಮ್ಮ ಬೇಸಗೆಯಲ್ಲಿಯೂ ಸಹ! ತೊಟ್ಟಿಗಿಂತ ಮೊದಲು ಕಟ್ಟಿಕೊಳ್ಳುವುದು ಕಿರಿದಾದ ಕೊಳವೆ. ಗಾತ್ರಕ್ಕೆ ಹೋಲಿಸಿದರೆ ಅದರ ಮೈ ದೊಡ್ಡದು, ಶಾಖವು ಬೇಗನೆ ಸೋರುತ್ತದೆ.

ಉಷ್ಣರೋಧಕವನ್ನು ಸುತ್ತಿದರೆ ಸಾಲದೇ ಎಂದು ವಾಚಕರು ಕೇಳಬಹುದು. ಕಂಬಳಿಯು ಶಾಖವನ್ನು ಹುಟ್ಟಿಸದು, ಅದರ ನಿರ್ಗಮನವನ್ನು ತಡಮಾಡುತ್ತದೆ ಅಷ್ಟೆ. ದ್ರವವು ರಾತ್ರಿಯಿಡೀ ನಿಂತಿದ್ದರೆ ಹೊರಗಿನಿಂದ ಶಾಖವನ್ನು ಒದಗಿಸಲೇಬೇಕು. ತೊಟ್ಟಿಯೊಳಗೆ ಆವಿಯ ಸುರುಳಿಯನ್ನು ಇಡುವುದು, ಕೊಳವೆಗೆ ಆವಿಯ ಸಣ್ಣ ನಳಿಗೆಯನ್ನು ಜೊತೆಗೂಡಿಸಿ ಎರಡಕ್ಕೂ ಒಂದೇ ಹೊದಿಕೆ ಹಾಕುವುದು ಹಳೆಯ ಕ್ರಮಗಳು. ಈಚಿನದು ವಿದ್ಯುತ್ ತಂತಿ. ಇದರ ಒಂದು ಬಗೆಯು ಬಲು ಜಾಣತನದ್ದು: ಎರಡು ತಾಮ್ರದ ತಂತಿಗಳ ನಡುವೆ ಇಂಗಾಲದ ಪುಡಿ ಬೆರೆಸಿದ ಪ್ಲಾಸ್ಟಿಕ್ ಇರುತ್ತದೆ. ಬಿಸಿಯೇರಿದಂತೆ ಪ್ಲಾಸ್ಟಿಕ್ ಹಿಗ್ಗಿ ಇಂಗಾಲದ ಕಣಗಳು ದೂರವಾಗುತ್ತವೆ, ಪ್ರವಾಹವು ತಾನಾಗಿಯೇ ತಗ್ಗುತ್ತದೆ.

ರಾಜಸ್ಥಾನದ ಮರುಭೂಮಿಯಲ್ಲಿ ಇದಕ್ಕಿಂತಲೂ ದೊಡ್ಡ ಏರ್ಪಾಡೊಂದಿದೆ. ಬಾಡಮೇರಿನ ಕಚ್ಚಾತೈಲದಲ್ಲಿ ಮೇಣ ಹೆಚ್ಚು. ಅದನ್ನು ಗುಜರಾತಿಗೆ ಒಯ್ಯುವ, 600 ಕಿಲೋಮೀಟರಿಗೂ ಮಿಕ್ಕ ಕೊಳವೆಯನ್ನು ಉದ್ದಕ್ಕೂ ಕಾಯಿಸಲಾಗುತ್ತದೆ. ಅದಕ್ಕೆ ಅಂಟಿಸಿದ ಉಕ್ಕಿನ ನಳಿಗೆಯೊಳಗೆ ಒಂದು ತಂತಿ. ತಂತಿಯಲ್ಲಿ ಹೋದ ಪರ್ಯಾಯ ಪ್ರವಾಹವು ನಳಿಗೆಯ ಒಳಮೈಯನ್ನು ಸವರಿಕೊಂಡೇ ಹಿಂದಿರುಗಿ ಅದನ್ನು ಬಿಸಿಮಾಡುತ್ತದೆ.

ಕಟ್ಟಿದ ಕೊಳವೆಯನ್ನು ಕರಗಿಸುವಾಗಲೇ ನಿಜವಾದ ಅಪಾಯ. ನೀರು ಹೆಪ್ಪುಗಟ್ಟುವಾಗ ಹಿಗ್ಗಿ ಕೊಳವೆಯನ್ನು ಒಡೆಯುತ್ತದೆ. ಬಹುಪಾಲು ಇತರ ದ್ರವಗಳು ಗಟ್ಟಿಯಾಗುವಾಗ ಕುಗ್ಗುತ್ತವೆ, ಕರಗುವಾಗ ಹಿಗ್ಗುತ್ತವೆ. ಕೊಳವೆಯ ನಡುಭಾಗಕ್ಕೆ ಬೆಂಕಿ ಹಿಡಿದರೆ ಅಲ್ಲಿ ಕರಗಿದ ದ್ರವವು ಎರಡೂ ಕಡೆಯ ಗಟ್ಟಿ ಬಿರಡೆಗಳ ನಡುವೆ ಸಿಕ್ಕು, ಹಿಗ್ಗಲು ಎಡೆಯಿಲ್ಲದೆ ಕೊಳವೆಯನ್ನು ಸೀಳಬಲ್ಲದು. ಒಳಗಿರುವುದು ಕಾಸ್ಟಿಕ್ ಸೋಡಾ ಆದರೆ ಹತ್ತಿರ ನಿಂತವನ ಕಣ್ಣು ಉಳಿಯದು. ಆದುದರಿಂದ ತೆರೆದ ಬಾಯಿಯ ಕಡೆಯಿಂದ ಕರಗಿಸುತ್ತ, ಕರಗಿದ್ದಕ್ಕೆ ಹೊರಬೀಳಲು ದಾರಿಯಿಟ್ಟು, ಮೆಲ್ಲಮೆಲ್ಲನೆ ಒಳಗೆ ಸಾಗುತ್ತಾರೆ.