ಬೆಂಗಳೂರಿಗೆ ಗೊತ್ತಿಲ್ಲದ ನಮ್ಮೂರು ಸ್ಪೇನಿಗೆ ಗೊತ್ತಿತ್ತು!

ವರ್ತೂರು ಕೋಡಿ ಹತ್ರ ಕ್ಯಾಬ್ ಅರ್ಧ ಗಂಟೆಯಿಂದ ನಿಂತಲ್ಲೇ ನಿಂತಿತ್ತು. ಕಿವಿಯಲ್ಲಿ ಇಯರ್‌ಫೋನ್, ಆ ಕಡೆ ಮ್ಯಾಡ್ರಿಡ್‌ನ ಕ್ಲೈಂಟ್ ಟೀಮ್. ಕಾಲ್ ಮುಗಿಯೋ ಹೊತ್ತಿಗೆ ಅಲ್ಲಿನ ಮ್ಯಾನೇಜರ್ ಮೇಡಂ ಸುಮ್ಮನೆ ಮಾತಿಗೆ ಕೇಳಿದರು, "ನಿಮ್ಮೂರು ಬೆಂಗಳೂರೇನಾ?"

ಯಾರು ಕೇಳಿದರೂ "ಹೌದು" ಅಂದುಬಿಡೋದು ನನ್ನ ಅಭ್ಯಾಸ. ಅವತ್ತು ಯಾಕೋ "ಅಲ್ಲ, ಅನಂತಪುರ" ಅಂದೆ.

"ಅನಂತಪುರಾನಾ? ವಿಸೆಂಟೆ ಫೆರರ್ ಇದ್ದ ಅನಂತಪುರಾನಾ?"

ನನಗೆ ಮಾತೇ ಹೊರಡಲಿಲ್ಲ. ನೆಟ್‌ವರ್ಕ್ ಸರಿಯಿಲ್ಲ ಅಂತ ಸುಳ್ಳು ಹೇಳಿ ಕಾಲ್ ಕಟ್ ಮಾಡಿದೆ.

ನಮ್ಮ ಪಿಜಿಯಲ್ಲಿ ಅನಂತಪುರ ಅಂದ್ರೆ "ಆಂಧ್ರಾನಾ? ಮತ್ತೆ ಕನ್ನಡ ಹೆಂಗೆ ಬರತ್ತೆ?" ಅಂತ ಕೇಳ್ತಾರೆ. ನಮ್ಮದು ರಾಯದುರ್ಗದ ಕಡೆಯ ಹಳ್ಳಿ. 1953ರವರೆಗೆ ರಾಯದುರ್ಗ ಬಳ್ಳಾರಿ ಜಿಲ್ಲೆಯ ತಾಲ್ಲೂಕು. ಆ ವರ್ಷ ಆಂಧ್ರ ರಾಜ್ಯ ಆದಾಗ ಆದೋನಿ, ಆಲೂರಿನ ಜೊತೆ ನಾವೂ ಆ ಕಡೆ ಹೋದೆವು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು. ದೇಶದಲ್ಲೇ ತೀರಾ ಕಡಿಮೆ ಮಳೆ ಬೀಳೋ ಜಿಲ್ಲೆಗಳಲ್ಲಿ ನಮ್ಮದೂ ಒಂದು. ಶೇಂಗಾ ಬಂದರೆ ಊಟ, ಇಲ್ಲದಿದ್ದರೆ ಗುಳೆ.

ಇಷ್ಟನ್ನು ಯಾರಿಗಾದರೂ ಹೇಳ್ತಿದ್ದೆ. ಹೇಳದೇ ಇದ್ದದ್ದು ಇನ್ನೊಂದು ವಿಷಯ. ನಾನು ಸ್ಪೇನಿನ ಒಂದು ಕುಟುಂಬದ ದುಡ್ಡಿನ ನೆರವಿನಲ್ಲಿ ಓದಿದವಳು.

ವರ್ಷಕ್ಕೊಂದು ಕಾಗದ

ನಮ್ಮ ಕಾಲೋನಿಯಲ್ಲಿ ಸಂಜೆ ಶಾಲೆ ನಡೆಸ್ತಿದ್ದದ್ದು ಆರ್‌ಡಿಟಿ, ಅಂದರೆ ಫೆರರ್ ಕಟ್ಟಿದ ರೂರಲ್ ಡೆವಲಪ್‌ಮೆಂಟ್ ಟ್ರಸ್ಟ್. ನನ್ನ ಹೆಸರಲ್ಲಿ ಸ್ಪೇನಿನಲ್ಲಿ ಒಬ್ಬರು ತಿಂಗಳು ತಿಂಗಳು ಹಣ ಕಟ್ಟುತ್ತಿದ್ದರು. ಆ ಹಣ ನಮ್ಮ ಕೈಗೆ ಬರುತ್ತಿರಲಿಲ್ಲ, ಊರಿನ ಕೆಲಸಕ್ಕೆ ಹೋಗುತ್ತಿತ್ತು. ನಾನು ಮಾಡಬೇಕಿದ್ದದ್ದು ಇಷ್ಟೇ: ವರ್ಷಕ್ಕೊಂದು ಕಾಗದ ಬರೆಯೋದು. "ನಾನು ಚೆನ್ನಾಗಿದ್ದೇನೆ. ಚೆನ್ನಾಗಿ ಓದುತ್ತಿದ್ದೇನೆ." ತೆಲುಗಿನಲ್ಲಿ ಎರಡು ಸಾಲು, ಕೆಳಗೊಂದು ಗುಡಿಸಲು, ಒಂದು ಮರ. ಪ್ರತಿ ವರ್ಷ ಅದೇ ಸಾಲು, ಅದೇ ಮರ. ಸೋಮಾರಿತನ ನನ್ನದೇ.

ಆ ಕಡೆಯಿಂದ ಒಂದು ಸಲ ಫೋಟೊ ಬಂತು. ಬಿಳಿ ಕೂದಲಿನ ಅಜ್ಜಿ, ಪಕ್ಕದಲ್ಲಿ ನಾಯಿ. ಅವ್ವ ಅದನ್ನು ದೇವರ ಗೂಡಿನ ಪಕ್ಕ ಸಿಕ್ಕಿಸಿದಳು. ಇಂಟರ್ ಮುಗಿದ ಮೇಲೆ ನಾನು ಕಾಗದ ನಿಲ್ಲಿಸಿದೆ. ಫೋಟೊ ಇನ್ನೂ ಅಲ್ಲೇ ಇದೆ.

ಬಂದವರು, ಉಳಿದವರು

ಆ ಕಾಲ್ ಕಟ್ ಮಾಡಿದ ರಾತ್ರಿ ನಿದ್ದೆ ಬರಲಿಲ್ಲ. ಚಿಕ್ಕಂದಿನಿಂದ "ಫಾದರ್" ಅಂತಷ್ಟೇ ಗೊತ್ತಿದ್ದವರ ಬಗ್ಗೆ ಮೊದಲ ಸಲ ಕೂತು ಓದಿದೆ.

ಫೆರರ್ ಹುಟ್ಟಿದ್ದು 1920ರಲ್ಲಿ, ಬಾರ್ಸಿಲೋನಾದಲ್ಲಿ. ಹದಿಹರೆಯದಲ್ಲೇ ಸ್ಪೇನಿನ ಅಂತರ್ಯುದ್ಧಕ್ಕೆ ಸಿಕ್ಕಿ, ಆಮೇಲೆ ಜೆಸ್ಯೂಟ್ ಸಂಸ್ಥೆ ಸೇರಿ, 1952ರಲ್ಲಿ ಮಿಷನರಿಯಾಗಿ ಮುಂಬೈಗೆ ಬಂದರು. ಮಹಾರಾಷ್ಟ್ರದ ಮನ್ಮಾಡ್‌ನಲ್ಲಿ ಅವರು ಮಾಡಿದ ದೊಡ್ಡ ಕೆಲಸ ಬಾವಿ ತೋಡಿಸಿದ್ದು. ತೋಡುವ ರೈತರಿಗೆ ಗೋಧಿ, ಎಣ್ಣೆ ಕೊಡುತ್ತಿದ್ದರು. ಜನ ಅವರ ಹಿಂದೆ ನಿಂತಷ್ಟೂ ಅಲ್ಲಿನ ಕೆಲವರಿಗೆ ಅನುಮಾನ, ಸಿಟ್ಟು ಬೆಳೆಯಿತು. 1968ರಲ್ಲಿ ದೇಶ ಬಿಟ್ಟು ಹೋಗಿ ಅಂತ ಆದೇಶವಾಯಿತು. ಅವರ ಪರವಾಗಿ ಸಾವಿರಾರು ರೈತರು ಮುಂಬೈಗೆ ನಡೆದುಕೊಂಡೇ ಹೋದರು. ಕೊನೆಗೆ ಇಂದಿರಾ ಗಾಂಧಿಯವರ ಮಧ್ಯಪ್ರವೇಶದಿಂದ ವಾಪಸ್ ಬರೋ ದಾರಿ ತೆರೆಯಿತು.

1969ರಲ್ಲಿ ಅವರು ಬಂದದ್ದು ನಮ್ಮ ಬರಗಾಲದ ಜಿಲ್ಲೆಗೆ. ಮರುವರ್ಷವೇ ಜೆಸ್ಯೂಟ್ ಸಂಸ್ಥೆ ಬಿಟ್ಟರು, ಇಂಗ್ಲೆಂಡಿನ ಪತ್ರಕರ್ತೆ ಆನ್ ಪೆರಿ ಅವರನ್ನು ಮದುವೆಯಾದರು. ಕಳಿಸಿದ ಸಂಸ್ಥೆಯ ನಂಟು ಕಳಚಿತು. ಊರಿಗೆ ಹೊರಟುಬಿಡೋಕೆ ಅದಕ್ಕಿಂತ ಒಳ್ಳೇ ಕಾರಣ ಬೇಕೇ? ಹೋಗಲಿಲ್ಲ. ಇನ್ನೂ ನಲವತ್ತು ವರ್ಷ ಇದ್ದರು. ಬತ್ತಲಪಲ್ಲಿ, ಕಲ್ಯಾಣದುರ್ಗ, ಕಣೇಕಲ್ಲುಗಳಲ್ಲಿ ಆಸ್ಪತ್ರೆ ಎದ್ದವು. ಹಳ್ಳಿಗಳಲ್ಲಿ ಮನೆಗಳಾದವು, ಅವು ಹೆಂಗಸರ ಹೆಸರಲ್ಲಿ. 2010ರಲ್ಲಿ ರಫೇಲ್ ನಡಾಲ್ ಅನಂತಪುರದಲ್ಲಿ ಟೆನಿಸ್ ಶಾಲೆ ಶುರು ಮಾಡಿದ್ದೂ ಇದೇ ನಂಟಿನಿಂದ.

2009ರ ಜೂನ್ 19ರಂದು ಅವರು ತೀರಿಕೊಂಡದ್ದು ನನಗೆ ಚೆನ್ನಾಗಿ ನೆನಪಿದೆ. "ಫಾದರ್ ಹೋಗಿಬಿಟ್ರಂತೆ" ಅಂತ ಅವ್ವ ಅವತ್ತು ಒಲೆ ಹಚ್ಚಲಿಲ್ಲ. ಮಣ್ಣು ಮಾಡಿದ್ದು ಬತ್ತಲಪಲ್ಲಿಯಲ್ಲೇ.

ಮಿಷನರಿ ಅಂದ ತಕ್ಷಣ ಬರೋ ಪ್ರಶ್ನೆ ಗೊತ್ತು: "ಮತ ಬದಲಾಯಿಸಿದ್ರಾ?" ನಾನು ಹೇಳಬಲ್ಲದ್ದು ನನ್ನ ಮನೆಯದ್ದು ಮಾತ್ರ. ನಮ್ಮನ್ನು ಯಾರೂ ಕೇಳಲಿಲ್ಲ. ಅವ್ವ ಇವತ್ತಿಗೂ ಊರಮ್ಮನ ಜಾತ್ರೆಗೆ ಹೋಳಿಗೆ ಮಾಡ್ತಾಳೆ. ಕನ್ನಡದವರಾದ ನಮಗೆ ಇದು ಹೊಸ ಕಥೆಯೂ ಅಲ್ಲ. ಬಾಸೆಲ್ ಮಿಷನ್ನಿನ ಕಿಟೆಲ್ 1853ರಲ್ಲಿ ಬಂದದ್ದು ಧರ್ಮಪ್ರಚಾರಕ್ಕೆ. ನಾವು ನೆನೆಯೋದು 1894ರ ಅವರ ನಿಘಂಟನ್ನು. ಯಾವುದಕ್ಕೆ ಬಂದರು ಅನ್ನೋದು ಒಂದು ಮಾತು, ಬಂದಲ್ಲಿ ಎಷ್ಟು ಕಾಲ ಇದ್ದು ಏನು ಮಾಡಿದರು ಅನ್ನೋದು ಇನ್ನೊಂದು.

ನನ್ನನ್ನೇ ನೋಡಿ. ವರ್ತೂರಿಗೆ ಬಂದು ಏಳು ವರ್ಷ. ಈಗಲೂ "ಟೆಂಪರರಿ" ಅಂತೀನಿ. ಪಿಜಿ ಎದುರು ಹೂವು ಮಾರೋ ಅಜ್ಜಿಯ ಹೆಸರೂ ಗೊತ್ತಿಲ್ಲ.

'ಅಪ್ಪ' ಇರುವ ಪದ

ಪ್ರಾಜೆಕ್ಟ್‌ಗಾಗಿ ನಾನು ವಾರಕ್ಕೆರಡು ದಿನ ಸ್ಪ್ಯಾನಿಷ್ ಕಲೀತಿದ್ದೇನೆ. ನನ್ನಂಥ ಮಗುವಿಗೆ ಹೀಗೆ ನೆರವಾಗೋದಕ್ಕೆ ಸ್ಪ್ಯಾನಿಷ್‌ನಲ್ಲಿ 'ಅಪಾದ್ರಿನಾರ್' ಅಂತಾರೆ. ಅದರೊಳಗೆ 'ಪಾದ್ರೆ', ಅಂದರೆ ಅಪ್ಪ ಇದ್ದಾನೆ. ಅದು ಗೊತ್ತಾದ ದಿನ ಕ್ಲಾಸಿನಲ್ಲೇ ಕಣ್ಣು ತುಂಬಿಬಂತು. ನಾನು ಇಷ್ಟು ವರ್ಷ 'ದಾನ' ಅಂದುಕೊಂಡು ನಾಚಿಕೆಪಟ್ಟಿದ್ದಕ್ಕೆ ಅವರು ಇಟ್ಟುಕೊಂಡ ಹೆಸರು ಬೇರೆಯೇ ಇತ್ತು.

ಮುಂದಿನ ಕಾಲ್‌ನಲ್ಲಿ ಮೇಡಂಗೆ ಹೇಳಿಬಿಟ್ಟೆ, ನನ್ನ ಹರಕುಮುರುಕು ಸ್ಪ್ಯಾನಿಷ್‌ನಲ್ಲೇ. "ಮೊನ್ನೆ ನೆಟ್‌ವರ್ಕ್ ಸರಿಯಾಗೇ ಇತ್ತು. ನಾನು ಆ ಮಕ್ಕಳಲ್ಲಿ ಒಬ್ಬಳು." ಅವರು ಒಂದು ಕ್ಷಣ ಸುಮ್ಮನಿದ್ದು, "ಈಗ ನಮ್ಮ ಸಿಸ್ಟಮ್ ನೋಡಿಕೊಳ್ತಿರೋಳು ನೀನು" ಅಂತ ನಕ್ಕರು.

ಕಳೆದ ವಾರ ಊರಿಗೆ ಹೋದಾಗ ಆ ಅಜ್ಜಿಗೊಂದು ಕಾಗದ ಬರೆದೆ. ಅವರು ಇದ್ದಾರೋ ಇಲ್ಲವೋ ಗೊತ್ತಿಲ್ಲ, ಅನಂತಪುರದ ಆಫೀಸಿಗೆ ಕೊಟ್ಟು ಬರಬೇಕು. ಗುಡಿಸಲು, ಮರ ಈ ಸಲ ಬಿಡಿಸಲಿಲ್ಲ. ವರ್ತೂರಿನ ಕೆರೆ, ಟ್ರಾಫಿಕ್, ನನ್ನ ಕೆಲಸ, ಏಳು ವರ್ಷ ಮುಚ್ಚಿಟ್ಟ ನಾಚಿಕೆ, ಎಲ್ಲ ಬರೆದೆ. ಓದಿ ಹೇಳಿದಾಗ ಅವ್ವ ತಲೆ ಅಲ್ಲಾಡಿಸಿ ಕೇಳಿಸಿಕೊಂಡಳು.

"ಎಲ್ಲಾ ಸರಿ ಆತು. ಈ ಸಲ ಶೇಂಗಾ ಚೆನ್ನಾಗ್ ಬಂದೈತಿ ಅಂತ ಬರೆದ್ಯೇನು?"

ಬರೆದಿರಲಿಲ್ಲ. ಕೊನೆಯಲ್ಲಿ ಸೇರಿಸಿದೆ.